ಸುಗಿಯೋನೊ ಆರಿಸಿದ ಬಿಸ್ಕತ್ತಿನ ಡಬ್ಬಿ

ನಮ್ಮ ಪಕ್ಕದ ಮನೆಯ ಸುಗಿಯೋನೊಗೆ ಹಳೇ ರೇಡಿಯೊ ಬಿಚ್ಚುವುದೆಂದರೆ ಪ್ರಾಣ. ಬಸ್ಸು ಓಡಿಸುವುದನ್ನು ಬಿಟ್ಟ ಮೇಲೆ ಹೊಳೆ ಕಾಯುವ ಊರಿನ ರೇಡಿಯೊ ನೋಡಿಕೊಳ್ಳುವ ಕೆಲಸ ಅವನ ಪಾಲಿಗೆ ಬಂತು. ನಮ್ಮ ಬೆಂಕಿಬೆಟ್ಟ ಮೆರಾಪಿಯಲ್ಲಿ ಮಳೆ ಸುರಿದು ಕೆಸರು ಹೊಳೆಗೆ ಇಳಿದರೆ, ಮೇಲಿನ ಊರಿನವರು ಅದರಲ್ಲಿ ಕೂಗಿ ಹೇಳುತ್ತಾರೆ. ಆ ರೇಡಿಯೊಗೆ ಕರೆಂಟು ಒದಗಿಸುವ ಪವರ್ ಸಪ್ಲೈಯನ್ನು ಸುಗಿಯೋನೊ ತಾನೇ ಕಟ್ಟಿದ. ಚೆನ್ನಾಗಿಯೇ ನಡೆಯುತ್ತಿತ್ತು, ಆದರೆ ಹಲಗೆಯ ಮೇಲೆ ತಂತಿ ತೋರಿಸುತ್ತ ಬತ್ತಲೆ ಕೂತಿತ್ತು.

“ಹಬ್ಬದೊಳಗೆ ಅದನ್ನ ಯಾವುದಾದ್ರೂ ಪೆಟ್ಟಿಗೇಲಿ ಹಾಕಿ ಪಾಕ್, ಇಲ್ಲಾಂದ್ರೆ ಗುಜರಿಯವನಿಗೆ ಕೊಟ್ಬಿಡ್ತೀನಿ,” ಎಂದಳು ಹೆಂಡತಿ ಲಸ್ಮಿ. ಅವಳು ಗಂಡನನ್ನು ‘ಪಾಕ್’ ಎನ್ನುವುದು, ಅವನು ಅವಳನ್ನು ‘ಬು’ ಎನ್ನುವುದು ನಮ್ಮ ಕಡೆಯ ರೂಢಿ. ಆಡಿದ್ದನ್ನು ಮಾಡುವವಳೇ ಅವಳು.

ಮರದ ಡ್ರಾಯರಿನಲ್ಲಿ ಇಟ್ಟರೆ ಸುಟ್ಟ ವಾಸನೆ ಬಂತು. ಪ್ಲಾಸ್ಟಿಕ್ ಡಬ್ಬಿ ಬಿಸಿಗೆ ಸೊಟ್ಟಗಾಯಿತು. ಕೊನೆಗೆ ಮೇಲೆ ಬಣ್ಣದ ಚಿತ್ರವಿದ್ದ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಿ ಸಿಕ್ಕಿತು. ಗಾಳಿಗೆ ತೂತು ಕೊರೆದ, ತಗಡು ಮುಟ್ಟಿದರೆ ಶಾಕ್ ಹೊಡೆಯದಂತೆ ಅರ್ತಿಂಗ್ ತಂತಿ ಕಟ್ಟಿದ.

“ಬಿಸ್ಕತ್ತು ಅಂತ ಯಾರಾದ್ರೂ ತೆಗೆದಾರು, ಮೇಲೆ ಬಣ್ಣ ಬಳಿಯೋ ಮಾರಾಯ,” ಎಂದೆ.

“ಇಷ್ಟು ಚೆಂದದ ಚಿತ್ರಕ್ಕೆ ಮಸಿ ಬಳೀಲಾ?” ಎಂದು ನಕ್ಕ. ಮುಚ್ಚಳಕ್ಕೆ ಸ್ಕ್ರೂ ಹಾಕುವುದನ್ನೂ ಹಬ್ಬ ಕಳೆಯಲಿ ಎಂದು ಬಿಟ್ಟ. ನಾಳೆ ಎಂದವನ ಮನೆ ಹಾಳು ಅಂತ ಅವನಿಗೆ ಯಾರು ಹೇಳಬೇಕು!

ನಮ್ಮಲ್ಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಬಿಸ್ಕತ್ತು ಇರುತ್ತದೆಂದು ಯಾರೂ ನಂಬುವುದಿಲ್ಲ. ಬಿಸ್ಕತ್ತು ಮುಗಿದ ಮೇಲೆ ಅದಕ್ಕೆ ಅಕ್ಕಿ ಸಂಡಿಗೆ ಕರಿದು ತುಂಬುವುದೇ ವಾಡಿಕೆ. ಹಬ್ಬದ ದಿನ ಹೊಳೆಯಾಚೆಯಿಂದ ಬಂದ ಲಸ್ಮಿಯ ಅಣ್ಣ ದರ್ಮೋ ನೆಟ್ಟಗೆ ಆ ಡಬ್ಬಿಗೇ ಕೈ ಹಾಕಿದ.

“ಸಂಡಿಗೇನ ಇಲ್ಲಿ ಬಚ್ಚಿಟ್ಟಿದ್ದೀಯೇನೇ, ಕಳ್ಳಿ!” ಎನ್ನುತ್ತ ಮುಚ್ಚಳ ಕಿತ್ತ. ಲಸ್ಮಿ ಚೀರಿ ಅವನ ತೋಳು ಹಿಡಿದೆಳೆದಳು. ಒಳಗಿನ ತಂತಿಗಳಲ್ಲಿ ಕರೆಂಟು ಹರಿಯುತ್ತಿತ್ತು; ಕೂದಲೆಳೆಯಲ್ಲಿ ಜೀವ ಉಳಿಯಿತು.

“ನಮ್ಮಣ್ಣನ್ನೇ ಕೊಲ್ತಿದ್ರಲ್ಲ ಪಾಕ್! ಇವತ್ತೇ ಇದು ಗುಜರಿಗೆ!”

ಸುಗಿಯೋನೊ ಪ್ಲಗ್ ಕಿತ್ತ. ರೇಡಿಯೊ ಸುಮ್ಮನಾಯಿತು. ಅವನ ಕಣ್ಣು ತುಂಬಿದ್ದು ಕಂಡು ನನಗೂ ಸಂಕಟವಾಯಿತು.

ಮಧ್ಯಾಹ್ನಕ್ಕೆ ಮೋಡ ಕವಿದು ಬೆಟ್ಟದ ತಲೆ ಕಪ್ಪಾಯಿತು. ಹೊಳೆ ದಾಟಿ ಮನೆ ಸೇರಬೇಕೆಂದು ದರ್ಮೋ ಬೈಕು ಹತ್ತಿದ. ಬಾಗಿಲಲ್ಲಿ ನಿಂತ ಲಸ್ಮಿ ಬೆಟ್ಟ ನೋಡಿದಳು, ರೇಡಿಯೊ ನೋಡಿದಳು.

“ಪಾಕ್, ಒಂದ್ಸಲ ಹಾಕಿ ಕೇಳಿ.”

“ಮುಚ್ಚಳ ಭದ್ರ ಮಾಡ್ದೆ ಹಾಕಲ್ಲ, ಬು.”

“ಹಂಗಾದ್ರೆ ಬೇಗ ಮಾಡಿ! ಮಾಸ್, ಸ್ವಲ್ಪ ನಿಲ್ಲು!” ಎಂದು ಅಣ್ಣನಿಗೂ ಕೂಗಿದಳು; ಅಣ್ಣನನ್ನು ಅವಳು ‘ಮಾಸ್’ ಎನ್ನುವುದು.

ಅವಳು ಮುಚ್ಚಳ ಒತ್ತಿ ಹಿಡಿದಳು, ಅವನು ಮೂಲೆಮೂಲೆಗೂ ಸ್ಕ್ರೂ ತಿರುಗಿಸಿದ. ಪ್ಲಗ್ ಹಾಕಿದ್ದೇ ತಡ, ರೇಡಿಯೊ ಕೂಗಿತು: “ಹೊಳೆಗೆ ಯಾರೂ ಇಳೀಬೇಡಿ! ಕೆಸರು ಬರ್ತಿದೆ, ಕೆಸರು!”

ದರ್ಮೋ ಬೈಕಿನ ಎಂಜಿನ್ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಹೊಳೆಯ ಆರ್ಭಟ ನಮಗೇ ಕೇಳಿಸಿತು. ಅವನು ಬೈಕನ್ನು ಅಂಗಳಕ್ಕೆ ತಳ್ಳಿ ಬಂದು ಜಗುಲಿಯ ಮೇಲೆ ಕೂತ.

ಲಸ್ಮಿ ಒಳಗಿನಿಂದ ಇನ್ನೊಂದು ಬಿಸ್ಕತ್ತಿನ ಡಬ್ಬಿ ತಂದು, ಸಂಡಿಗೆಯನ್ನೆಲ್ಲ ತಟ್ಟೆಗೆ ಸುರಿದು ಅಣ್ಣನ ಮುಂದಿಟ್ಟಳು. ಖಾಲಿ ಡಬ್ಬಿಯನ್ನು ಗಂಡನ ತೊಡೆಯ ಮೇಲಿಟ್ಟಳು.

“ಮಾಸ್ ಊರಲ್ಲಿ ರೇಡಿಯೊ ಇಲ್ಲ. ಅವರಿಗೂ ಒಂದು ಹಳೇದನ್ನ ಸರಿಮಾಡಿ, ಅದರ ಸಪ್ಲೈ ಈ ಡಬ್ಬೀಲಿ ಕಟ್ಟಿಕೊಡಿ. ಮೊದಲು ಸ್ಕ್ರೂ, ಆಮೇಲೆ ಕರೆಂಟು.”