ಮೂವತ್ತು ಸೆಕೆಂಡಿನ ಖಾಲಿ ಗೇಟು

ಶಟರ್ ಮೂವತ್ತು ಸೆಕೆಂಡ್, ಅಪರ್ಚರ್ ಎಫ್ ಹನ್ನೊಂದು, ಐಎಸ್ಒ ನೂರು. ಲೆನ್ಸ್ ಐವತ್ತು ಮಿಲಿಮೀಟರಿನದು. ಫೋಟೋ ತೆಗೆದ ಹೊತ್ತು ಮಧ್ಯಾಹ್ನ ಹನ್ನೆರಡು ನಲವತ್ತೊಂದು.

ಆ ಮೂವತ್ತು ಸೆಕೆಂಡೂ ಗೌರಮ್ಮ ಶಿಶುವಿಹಾರದ ಗೇಟಿನ ಮುಂದೆಯೇ ಇದ್ದರು. ನಾನು ಕಣ್ಣಾರೆ ಕಂಡಿದ್ದೆ. ಅವರು ಇರಲಿಲ್ಲವೆಂದು ಎಲ್ಲರೂ ನಂಬುವಂತೆ ಮಾಡಿದವಳು ನಾನು. ಮಗುವನ್ನು ರಸ್ತೆಗೆ ಇಳಿಸಿದವಳೂ ನಾನೇ. ಇಷ್ಟು ಸಣ್ಣ ವಾಕ್ಯ — ಬರೆಯಲು ನಾಲ್ಕು ವರ್ಷ ಬೇಕಾಯಿತು.

ಆಗ ನನಗೆ ಇಪ್ಪತ್ಮೂರು. ಎಂ.ಎಸ್ಸಿ. ಮುಗಿಸಿ, ಜಯಲಕ್ಷ್ಮಿಪುರಂನ ಮನೆಯಲ್ಲಿ ಕೂತು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೆ. ಹೆಚ್ಚು ಮಾತಾಡುವವಳಲ್ಲ. ಕೈಯಲ್ಲಿ ಕ್ಯಾಮರಾ ಇದ್ದರೆ ಮಾತಾಡು ಎಂದು ಯಾರೂ ಒತ್ತಾಯಿಸುವುದಿಲ್ಲ ಎಂಬುದು ಗೊತ್ತಾದ ಮೇಲೆ ಭಾನುವಾರಗಳಂದು ಕುವೆಂಪುನಗರದ ಒಂದು ಫೋಟೋಗ್ರಫಿ ತರಗತಿಗೆ ಸೇರಿಕೊಂಡಿದ್ದೆ. ಆ ವಾರ ಮೇಷ್ಟ್ರು ಕೊಟ್ಟ ಅಭ್ಯಾಸ ಹೀಗಿತ್ತು: ಜನ ಓಡಾಡುವ ಜಾಗವನ್ನು ಜನವೇ ಇಲ್ಲದಂತೆ ತೆಗೆದುಕೊಂಡು ಬನ್ನಿ. ಲೆನ್ಸಿನ ಮುಂದೆ ಕಪ್ಪು ಗಾಜಿನ ಫಿಲ್ಟರ್ ಹಾಕಿ, ಶಟರನ್ನು ಅರ್ಧ ನಿಮಿಷ ತೆರೆದಿಟ್ಟರೆ ನಿಂತದ್ದೆಲ್ಲ ಉಳಿಯುತ್ತದೆ. ನಡೆದಾಡುವವರು ಚಿತ್ರದಲ್ಲಿ ಮೂಡುವುದೇ ಇಲ್ಲ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದುಕೊಂಡಿದ್ದೆ. ಗೊತ್ತಿರಲಿಲ್ಲ ಎನ್ನಲು ನನಗೆ ದಾರಿಯಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ವಿಮಲಾ ಮೇಡಂ ನಡೆಸುವ ಶಿಶುವಿಹಾರ. ಎದುರಿಗೆ ಮರಗಳ ನೆರಳಿರುವ ರಸ್ತೆ. ಗೌರಮ್ಮ ಅಲ್ಲಿನ ಆಯಾ. ಐವತ್ತು ದಾಟಿದವರು, ದಿನಾ ಲಷ್ಕರ್ ಮೊಹಲ್ಲಾದಿಂದ ಬರುತ್ತಿದ್ದರು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಕಂಬಿಗೆ ಒಂದು ನೀಲಿ ಹಗ್ಗ ಕಟ್ಟುತ್ತಿದ್ದರು. ಅದರಲ್ಲಿ ಗೇಣಿಗೊಂದು ಗಂಟು, ಗಂಟಿಗೊಂದು ಮಗು. ಮನೆಯವರು ಬಂದು ಕೈ ಚಾಚಿದ ಮೇಲೆಯೇ ಮಗು ಗಂಟು ಬಿಡಬೇಕು. ಯಾರಾದರೂ ಮೊದಲೇ ಬಿಟ್ಟರೆ, "ಗಂಟ್ ಬುಟ್ಟೋರ್ಗೆ ಮೀಸೆ ಬತ್ತದೆ ಕಣ್ರಪ್ಪೋ" ಎನ್ನುತ್ತಿದ್ದರು. ಹುಡುಗಿಯರೆಲ್ಲ ತುಟಿ ಮುಚ್ಚಿಕೊಂಡು ಗಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದರು.

ಮೂರು ದಿನ ನಾನು ಅದೇ ಗೇಟಿನ ಪಕ್ಕ ಸ್ಟ್ಯಾಂಡ್ ಹೂಡಿದೆ. ಗೌರಮ್ಮ ಬಂದು ಲೆನ್ಸಿಗೆ ಬಗ್ಗಿ ನೋಡುತ್ತಿದ್ದರು. "ಏನ್ ಕೂಸೇ, ದಿನಾ ಈ ಗೇಟ್ನೇ ತಗೀತೀಯ? ನಮ್ಮಂಥ ಸುಂದರೀರು ನಿಂತಿದ್ರೂ?" ಧನ್ಯಾ ಎಂಬ ನಾಲ್ಕು ವರ್ಷದ ಮಗು, ತಾತ ದಿನಾ ತಡವಾಗಿ ಬರುತ್ತಿದ್ದುದರಿಂದ ಯಾವಾಗಲೂ ಕೊನೆಯವಳು. ಮೂರನೆಯ ದಿನ ನಾನು ಬಾ ಎಂದು ಕೈಸನ್ನೆ ಮಾಡಿದೆ, ಗೌರಮ್ಮನೇ ಅವಳನ್ನು ಕೈಹಿಡಿದು ತಂದು ನನ್ನ ಪಕ್ಕ ನಿಲ್ಲಿಸಿದರು. ನಾನು ಕ್ಯಾಮರಾದ ಹಿಂದಿನ ಪರದೆ ತೋರಿಸಿದೆ. ಅವಳು ಉಸಿರು ಬಿಗಿಹಿಡಿದು ನೋಡಿದಳು. "ನಾಳೆ ಮತ್ತೆ ತೋರಿಸ್ತೀನಿ" ಎಂದೆ.

ನಾಲ್ಕನೆಯ ದಿನ ನಾನು ಆಚೆ ಬದಿಗೆ ಹೋದೆ. ಐವತ್ತರ ಲೆನ್ಸಿನಲ್ಲಿ ಹತ್ತಿರದಿಂದ ಗೇಟೂ ಮರವೂ ಒಂದೇ ಫ್ರೇಮಿಗೆ ಸಿಗುತ್ತಿರಲಿಲ್ಲ. ಆ ಲೆನ್ಸ್ ಹಿಂದೆ ಮುಂದೆ ಸರಿಯುವುದಿಲ್ಲ, ನಾವೇ ಸರಿಯಬೇಕು. ರಸ್ತೆ ದಾಟಿ ಸ್ಟ್ಯಾಂಡ್ ನಿಲ್ಲಿಸಿದೆ. ಗೇಟು ಫ್ರೇಮಿನ ಎಡದ ಮೂರನೇ ಒಂದು ಭಾಗದಲ್ಲಿ, ಮರ ಬಲಕ್ಕೆ. ಮೊದಲ ಸಲ ಎಲ್ಲವೂ ಸರಿಯಾಗಿ ಕೂತಿತ್ತು. ಉಳಿದ ಮಕ್ಕಳೆಲ್ಲ ಹೋಗಿದ್ದರು. ಧನ್ಯಾ ಹಗ್ಗ ಹಿಡಿದು ಅತ್ತಿಂದಿತ್ತ ಕುಣಿಯುತ್ತಿದ್ದಳು. ಗೌರಮ್ಮ ಅವಳ ತಾತ ಬರುತ್ತಾರೇನೋ ಎಂದು ಗೇಟಿನ ಮುಂದೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೋಗಿ ಇಣುಕುತ್ತಿದ್ದರು. ಒಂದು ಕಡೆ ನಿಂತವರಲ್ಲ. ನಾನು ಶಟರ್ ಒತ್ತಿದೆ.

ಮೂವತ್ತು ಸೆಕೆಂಡ್ ಸುಮ್ಮನೆ ನಿಂತಿರಬೇಕು. ಧನ್ಯಾ ಕೈ ಬೀಸಿದಳು. ನಾನೂ ಕೈ ಎತ್ತಿದೆ.

ತಡಿ ಎಂದು ಎತ್ತಿದೆ — ಬಹಳ ಕಾಲ ನನಗೆ ನಾನೇ ಹೀಗೆ ಹೇಳಿಕೊಂಡೆ. ಅಲ್ಲ. ಬೆರಳುಗಳು ಒಳಕ್ಕೆ ಮಡಚಿದ್ದು ನನಗೆ ನೆನಪಿದೆ. ನಿನ್ನೆಯಂತೆಯೇ ಕರೆದೆ. ನಿನ್ನೆ ನಮ್ಮಿಬ್ಬರ ನಡುವೆ ರಸ್ತೆ ಇರಲಿಲ್ಲ. ಇವತ್ತು ಇದೆ ಎಂಬುದು ನನ್ನ ಕೈಗೆ ಹೊಳೆಯಲೇ ಇಲ್ಲ —

ಗೌರಮ್ಮ ಆಗ ರಸ್ತೆಯ ಆ ತುದಿಗೆ ಮುಖ ಮಾಡಿದ್ದರು. ಸ್ಕೂಟರಿನ ಬ್ರೇಕ್ ಕಿರುಚಿತು. ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಫ್ರೇಮಿನ ಕೆಳಗಂಚಿನ ಆಚೆ, ಸ್ಕೂಟರಿನ ಮುಂದೆ ಮಗು ಬಿದ್ದಿತ್ತು. ನಾನು ಕದಲಲಿಲ್ಲ. ಕೂಗಲಿಲ್ಲ. ಕ್ಯಾಮರಾ ಟಕ್ ಎಂದು ಶಟರ್ ಮುಚ್ಚಿತು — ನಾನು ಬಗ್ಗಿ ಪರದೆ ನೋಡಿದೆ. ಮಗುವನ್ನಲ್ಲ, ಪರದೆಯನ್ನು. ಚಿತ್ರ ಸ್ವಚ್ಛವಾಗಿ ಬಂದಿತ್ತು. ಬಿಸಿಲು, ನೆರಳು, ತೆರೆದ ಗೇಟು, ನೀಲಿ ಹಗ್ಗ. ಯಾರೂ ಇಲ್ಲ. ಗೌರಮ್ಮ ಇಲ್ಲ, ಸ್ಕೂಟರ್ ಇಲ್ಲ. ಮಗು ನನ್ನ ಚಿತ್ರದ ನಟ್ಟನಡುವೆ ಓಡಿ ಬಂದಿತ್ತು, ಒಂದು ಗೀರೂ ಮೂಡಿರಲಿಲ್ಲ.

ತಲೆಯೆತ್ತಿದಾಗ ಗೌರಮ್ಮ ಮಗುವನ್ನು ಎತ್ತಿಕೊಂಡು ಓಡುತ್ತಿದ್ದರು.

ಧನ್ಯಾಳ ಮುಂಗೈ ಮೂಳೆ ಮುರಿದಿತ್ತು, ತಲೆಗೆ ಪೆಟ್ಟಾಗಿರಲಿಲ್ಲ. ಸ್ಕೂಟರಿನವರು ಮಗುವನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಮರುದಿನ ವಿಮಲಾ ಮೇಡಂ ತಮ್ಮ ಕೋಣೆಗೆ ನನ್ನನ್ನು ಕರೆಸಿದರು. ಮಗುವಿನ ತಂದೆ ಅಲ್ಲಿದ್ದರು. ಗೌರಮ್ಮ ಬಾಗಿಲ ಬಳಿ ನಿಂತಿದ್ದರು.

"ಸಹನಾ, ನೀನು ಅಲ್ಲೇ ಫೋಟೋ ತೆಗೀತಿದ್ದೆಯಂತಲ್ಲಮ್ಮ. ಏನಾದ್ರೂ ಬಂದಿದೆಯಾ ಅದರಲ್ಲಿ?"

ನಾನು ಕ್ಯಾಮರಾ ಕೊಟ್ಟೆ. ಮಗುವಿನ ತಂದೆ ಸಮಯ ನೋಡಿದರು, ಚಿತ್ರ ನೋಡಿದರು, ಪರದೆಯನ್ನು ಮೇಡಂ ಕಡೆಗೆ ತಿರುಗಿಸಿದರು. "ನೋಡಿ ಮೇಡಂ. ಗೇಟ್ ತೆಗೆದಿದೆ. ಯಾರಿದಾರೆ ಅಲ್ಲಿ? ಇವರು ಒಳಗೆಲ್ಲೋ ಫೋನಲ್ಲಿ ಹರಟೆ ಹೊಡೀತಿದ್ರು, ಕಿರುಚಿದ್ದು ಕೇಳಿ ಓಡಿ ಬಂದಿದಾರೆ."

"ಗೌರಮ್ಮ ಇರಲಿಲ್ವಾ ಸಹನಾ ಅಲ್ಲಿ?" ಎಂದು ಮೇಡಂ ಕೇಳಿದರು.

ಒಂದು ವಾಕ್ಯ ಸಾಕಾಗಿತ್ತು. ಆದರೆ ಆ ಒಂದು ವಾಕ್ಯದ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತಿತ್ತು: ಹಾಗಾದರೆ ಮಗು ಯಾಕೆ ಓಡಿತು?

"ಫೋಟೋದಲ್ಲಿ ಅವರಿಲ್ಲ" ಎಂದೆ.

ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ನಾನು ಆಡಿದ ಮಾತುಗಳಲ್ಲೆಲ್ಲ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

"ಅಲ್ಲೇ ಇದ್ನಲ್ಲ ಮೇಡಮ್ಮೋರೆ! ಈ ಕೂಸ್ ಮುಂದೇನೇ ಇದ್ನಲ್ಲ..." ಗೌರಮ್ಮ ಮುಂದೆ ಬಂದು ಕ್ಯಾಮರಾ ಹಿಡಿದುಕೊಂಡರು. ಪರದೆಯನ್ನು ಕಣ್ಣಿಗೆ ಹತ್ತಿರ ತಂದರು, ದೂರ ಹಿಡಿದರು. ಬೆರಳಿನಿಂದ ಗೇಟಿನ ಆಚೀಚೆ ತಡವಿದರು. ಅವರ ಮುಖದ ಬಣ್ಣ ಇಳಿಯುವುದನ್ನು ನಾನು ಎರಡಡಿ ದೂರದಿಂದ ನೋಡಿದೆ. "ನಾನೆಲ್ಲಿಗೋದೆ?" ಎಂದರು, ಬಹಳ ಮೆಲ್ಲಗೆ.

ಮಗುವಿನ ತಂದೆ ಅವರ ಕೈಯಿಂದ ಕ್ಯಾಮರಾ ತೆಗೆದುಕೊಂಡರು.

"ಒಳೀಕ್ ಏನಾರಾ ಹೋಗಿದ್ನಾ... ನಂಗ್ ನೆಪ್ಪೇ ಇಲ್ವಲ್ಲ." ಆಮೇಲೆ ಮಗುವಿನ ತಂದೆಗೆ ಕೈ ಮುಗಿದರು. "ತಪ್ಪಾಯ್ತು ಸಾ."

ಅವತ್ತೇ ಅವರನ್ನು ಕೆಲಸದಿಂದ ತೆಗೆದರು.

ಮನೆಗೆ ಬಂದು ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಗೇಟಿನ ಎಡಕ್ಕೆ, ಕಾಂಪೌಂಡ್ ಗೋಡೆಯ ಮೇಲೆ, ಅಂಗೈಯಗಲ ಹಸಿರು ಮಂಜು. ಅಲ್ಲಿ ಅವರು ಎರಡು ಮೂರು ಸೆಕೆಂಡ್ ನಿಂತು ಇಣುಕಿರಬೇಕು. ಅವರು ಉಟ್ಟಿದ್ದ ಸೀರೆ ಹಸಿರು. ಆಗಲೂ ಹೇಳಬಹುದಿತ್ತು. ಮಗುವಿನ ತಂದೆ ಚಿತ್ರವನ್ನು ಫೋನಿಗೆ ಕಳಿಸಲು ಹೇಳಿದ್ದರು. ನಾನು ಎಡಭಾಗವನ್ನು ಕತ್ತರಿಸಿ ಕಳಿಸಿದೆ. ಗೇಟು ಚಿತ್ರದ ಅಂಚಿಗೆ ಬಂತು. ಹಸಿರು ಹೊರಗುಳಿಯಿತು. ತರಗತಿಯಲ್ಲಿ ಇದನ್ನು ತೋರಿಸಿದ್ದರೆ ಮೇಷ್ಟ್ರು ಹೀಗ್ಯಾಕೆ ಕತ್ತರಿಸಿದೆ ಎಂದು ಕೇಳುತ್ತಿದ್ದರು. ಬೇರೆ ಯಾರೂ ಕೇಳಲಿಲ್ಲ.

ಬೇರೆ ಕಡೆ ಕೆಲಸ ಸಿಕ್ಕಿರುತ್ತದೆ ಎಂದುಕೊಂಡೆ. "ತಪ್ಪಾಯ್ತು" ಎಂದದ್ದು ಹೆದರಿಕೆಗೆ, ಒಳಗೊಳಗೇ ಅವರಿಗೆ ನಿಜ ಗೊತ್ತಿರುತ್ತದೆ ಎಂದುಕೊಂಡೆ. ಹೀಗೆ ಎಂದುಕೊಳ್ಳುತ್ತಲೇ ನನಗೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು, ವರ್ಷಗಳು ಕಳೆದವು.

ಹೋದ ಶನಿವಾರ ಕುಕ್ಕರಿನ ಗ್ಯಾಸ್ಕೆಟ್ ತರಲು ಲಷ್ಕರ್ ಮೊಹಲ್ಲಾಕ್ಕೆ ಹೋಗಿದ್ದೆ. ಅಂಗಡಿಯ ಪಕ್ಕದ ಓಣಿಯಲ್ಲಿ, ಜಗಲಿಯ ಮೇಲೆ ಗೌರಮ್ಮ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ಪಕ್ಕದ ಮನೆಯ ಹೆಂಗಸು ಸೊಂಟದ ಮೇಲಿನ ಮಗುವನ್ನು ಅವರತ್ತ ಚಾಚಿದಳು. "ಗೌರಮ್ಮಕ್ಕ, ಒಸಿ ಇಡ್ಕೊ, ನಲ್ಲೀಲಿ ನೀರ್ ಬಂದದೆ."

ಗೌರಮ್ಮ ಎರಡೂ ಕೈಗಳನ್ನು ಹಿಂದಕ್ಕೆಳೆದುಕೊಂಡರು. "ನನ್ ಕೈಗ್ ಕೊಡ್ಬ್ಯಾಡ ಕಣೆ."

"ಅಯ್ಯ, ಕಚ್ಚಕಿಲ್ಲ ಬುಡು ಅದು. ಇನ್ನೂ ಹಲ್ಲೇ ಬಂದಿಲ್ಲ!"

"ಅದಲ್ವೆ. ನಾನು ನಿಂತಿದೀನಿ ಅನ್ಕೊಂಡಿರ್ತೀನಿ, ಆದ್ರೆ ನಿಂತಿರಕಿಲ್ಲ. ಫೋಟೋದಲ್ಲೇ ಬಂದದೆ. ನನ್ ತಲೇನ ನಂಬಂಗಿಲ್ಲ ಕಣೆ."

ಹೆಂಗಸು ನಕ್ಕು ಮಗುವನ್ನು ಒಳಗೆ ಎತ್ತಿಕೊಂಡು ಹೋದಳು. ನಾನು ನಿಂತಲ್ಲೇ ನಿಂತೆ. ಕೆಲಸ ಮಾತ್ರವಲ್ಲ — ಗೌರಮ್ಮ ತಮ್ಮ ಕಣ್ಣಿನ ಮೇಲೆ, ತಮ್ಮ ಕಾಲಿನ ಮೇಲೆ ಇಟ್ಟಿದ್ದ ನಂಬಿಕೆಯನ್ನೇ ನಾನು... ನಾಲ್ಕು ವರ್ಷ, ಅವರು ನನ್ನ ಚಿತ್ರವನ್ನು ನಂಬಿ ಬದುಕಿದ್ದರು.

ಅವರು ತಲೆಯೆತ್ತಿ ನನ್ನನ್ನು ಗುರುತು ಹಿಡಿದರು. "ಕ್ಯಾಮರಾ ಕೂಸಲ್ವಾ ನೀನು? ಸೊರಗೋಗಿದ್ದೀಯಲ್ಲವ್ವ!" ಎಂದು ನಕ್ಕರು. ನಾನು ಆಗಲೂ ಹೇಳಲಿಲ್ಲ. ಚೆನ್ನಾಗಿದ್ದೀರಾ ಎಂದು ಕೇಳಿ, ಗ್ಯಾಸ್ಕೆಟ್ ತೆಗೆದುಕೊಳ್ಳದೆ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಆ ಓಣಿಗೆ ಹೋದೆ. ಕತ್ತರಿಸದ ಚಿತ್ರ ಲ್ಯಾಪ್‌ಟಾಪಿನಲ್ಲಿತ್ತು. ಜಗಲಿಯ ಮೇಲೆ ಅವರ ಪಕ್ಕ ಕೂತು ಎಲ್ಲವನ್ನೂ ಹೇಳಿದೆ: ಶಟರ್, ಫಿಲ್ಟರ್, ನಡೆದಾಡಿದವರು ಮೂಡದಿರುವುದು, ನನ್ನ ಕೈ, ನಾನು ಕತ್ತರಿಸಿದ್ದು. ಅರ್ಥವಾಗದ ಕಡೆ ಅವರು ಎರಡು ಸಲ ನಿಲ್ಲಿಸಿ ಕೇಳಿದರು. ಅಳಲಿಲ್ಲ. ಬೈಯಲಿಲ್ಲ. ಬೈದಿದ್ದರೆ —

"ಅಂಗಾರೆ ನಾನಲ್ಲೇ ಇದ್ದೆ" ಎಂದರು.

"ಅಲ್ಲೇ ಇದ್ರಿ."

ಲ್ಯಾಪ್‌ಟಾಪನ್ನು ನನ್ನ ಕಡೆಗೆ ಸರಿಸಿದರು. ಆಮೇಲೆ, "ಮೇಡಮ್ಮೋರ್ಗೆ ಏಳಿದ್ಯಾ?"

"ಇಲ್ಲ."

"ಆ ಮಗೀನ ಅಪ್ಪಂಗೆ?"

"ಇಲ್ಲ."

"ಮತ್ತೆ ನಂಗ್ ಒಬ್ಳಿಗೇ ಗುಟ್ಟಾಗೇಳಿ ಏನ್ ಬಂತವ್ವ? ಆವತ್ತು ಎಲ್ರ ಮುಂದೇನೇ ತಾನೆ ನೀನ್ ಏಳಿದ್ದು?" ಅವರು ಎದ್ದರು. "ತಡಿ. ಸೀರೆ ಬದಲಾಯಿಸ್ಕಂಡ್ ಬತ್ತೀನಿ."

ಆಟೋದಲ್ಲಿ ಅವರು ನನ್ನ ಕಡೆ ನೋಡಲಿಲ್ಲ. ಭಾನುವಾರವಾದ್ದರಿಂದ ಶಿಶುವಿಹಾರ ಮುಚ್ಚಿತ್ತು. ಅದರ ಹಿಂದೆಯೇ ವಿಮಲಾ ಮೇಡಂ ಮನೆ. ಬೆಲ್ ಒತ್ತಿದೆ. ಮೇಡಂ ಬಾಗಿಲು ತೆಗೆದು ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಗಾಬರಿಯಾದರು. ಒಳಗೆ ಬನ್ನಿ ಎಂದರು. ಗೌರಮ್ಮ ಬರಲಿಲ್ಲ. "ಇಲ್ಲೇ ಏಳ್ಲಿ ಮೇಡಮ್ಮೋರೆ" ಎಂದು ಮೆಟ್ಟಿಲ ಮೇಲೆ ನಿಂತರು. ಮೇಡಂ ಹಿಂದೆ ಅವರ ಮನೆಯವರೂ ಬಂದು ನಿಂತರು.

ಮಗುವಿನ ತಂದೆಗೆ ಫೋನ್ ಮಾಡಿ ಎಂದು ಮೇಡಂಗೆ ಹೇಳಿದೆ. ಮಾಡಿದರು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿಸಿದೆ.

"ಗೌರಮ್ಮ ಗೇಟಿನಲ್ಲೇ ಇದ್ದರು" ಎಂದೆ. "ಮಗುವನ್ನು ಕರೆದದ್ದು ನಾನು."