ರೌಟರಿಗೊಂದು ಕುಲಾವಿ

ನಮ್ಮ ಮನೆಯಲ್ಲಿ ಮರ್ಯಾದಸ್ಥ ವಸ್ತು ಯಾವುದೂ ಬರಿಮೈಯಲ್ಲಿ ಇರುವುದಿಲ್ಲ. ಟಿ.ವಿ.ಗೆ ಕಸೂತಿಯ ಪರದೆ, ಮಿಕ್ಸಿಗೆ ಹೂವಿನ ಅಂಗಿ, ಗ್ಯಾಸ್ ಸಿಲಿಂಡರಿಗೆ ಸಹ ನೆರಿಗೆಯ ಲಂಗ. ಎಲ್ಲವೂ ನನ್ನ ತಾಯಿಯ ಕೈಕೆಲಸ. ಮದರಾಸಿನ ಸೆಕೆಗೆ ಮನುಷ್ಯರು ಅಂಗಿ ಕಳಚಬಹುದು, ಯಂತ್ರಗಳು ಕಳಚಕೂಡದು ಎಂಬುದು ಹಾಸನದಿಂದ ಅವರು ತಂದ ಸಿದ್ಧಾಂತ.

ಇಂಥ ಮನೆಗೆ ಬ್ರಾಡ್‌ಬ್ಯಾಂಡ್ ಬಂದದ್ದು ನನ್ನ ಹೆಂಡತಿ ಕಮಲೆಯ ದೆಸೆಯಿಂದ. ಅಮೆರಿಕದ ಡಾಕ್ಟರುಗಳು ಗೊಣಗಿ ಕಳಿಸಿದ ರೋಗವೃತ್ತಾಂತಗಳನ್ನು ಕೇಳಿ, ಟೈಪು ಮಾಡಿ, ಪೆರುಂಗುಡಿಯ ಕಂಪನಿಯೊಂದಕ್ಕೆ ಸಂಜೆಯೊಳಗೆ ಕಳಿಸುವುದು ಅವಳ ಕೆಲಸ. ಮಗಳು ಹುಟ್ಟಿದಾಗ ಉದ್ಯೋಗ ಬಿಟ್ಟವಳಿಗೆ ಇಷ್ಟು ವರ್ಷದ ಮೇಲೆ ಮತ್ತೊಂದು ಸಿಕ್ಕಿತ್ತು, ಅದೂ ಪರೀಕ್ಷಾರ್ಥ. ಇನ್ನೊಮ್ಮೆ ಫೈಲು ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕಂಪನಿ ಬಲು ವಿನಯದಿಂದ ತಿಳಿಸಿತ್ತು.

ಫೋನು ಹಜಾರದಲ್ಲಿ, ಕಮಲೆಯ ಕಂಪ್ಯೂಟರು ಒಳಕೋಣೆಯಲ್ಲಿ, ಮಗಳದು ಅದರಾಚೆ. ಗೋಡೆಗೆ ತೂತು ಕೊರೆದು ವೈರು ಎಳೆಯೋಣವೆಂದರೆ, ತಾಂಬರಂನಲ್ಲಿರುವ ಮನೆ ಮಾಲೀಕರು ಕ್ಯಾಲೆಂಡರಿನ ಮೊಳೆಗೇ ಎದೆ ಹಿಡಿದುಕೊಳ್ಳುವವರು. ಆದ್ದರಿಂದ ವೈರಿಲ್ಲದ ನೆಟ್‌ವರ್ಕು, ಎರಡು ಕೊಂಬಿನ ರೌಟರು. ಶುಭಮುಹೂರ್ತದಲ್ಲಿ ಅದನ್ನು ಹಜಾರದ ಕಪಾಟಿನ ಮೇಲೆ ಪ್ರತಿಷ್ಠಾಪಿಸಿದೆ.

ಬೆಳಿಗ್ಗೆಯೆಲ್ಲ ಅದು ಚುರುಕು. ಊಟದ ಹೊತ್ತು ದಾಟಿತೋ, ಒಳಗಿನಿಂದ ಮಗಳು ಕೂಗುವಳು: "ಅಪ್ಪಾ, ನೆಟ್ ಪೋಚು!" ಈ ಊರಿನ ಶಾಲೆಯಲ್ಲಿ ಓದಿದ ಹುಡುಗಿ, ನೆಟ್ ಹೋಯಿತೆಂಬಂಥ ದುಃಖದ ಸುದ್ದಿಗಳನ್ನೆಲ್ಲ ತಮಿಳಿನಲ್ಲೇ ಸಾರುತ್ತಾಳೆ.

ನಮ್ಮ ತಾರ್ಕಿಕರು ಪ್ರಮಾಣಗಳಲ್ಲಿ ಪ್ರತ್ಯಕ್ಷಕ್ಕೆ ಮೊದಲ ಸ್ಥಾನ ಕೊಟ್ಟಿದ್ದಾರೆ. ನಾನು ಅನುಮಾನದಿಂದಲೇ ಆರಂಭಿಸಿದೆ. ಮೊದಲ ಆರೋಪಿ ಕಬ್ಬಿಣದ ಬೀರು. ಅದನ್ನು ಸರಿಸಿ ಸೊಂಟ ಹಿಡಿಸಿಕೊಂಡೆ. ಎರಡನೆಯದು ಪಕ್ಕದ ಮನೆಯ ಮೈಕ್ರೋವೇವ್. ಅದರ ಮೇಲೆ ಸಾಕ್ಷ್ಯ ಸಾಲಲಿಲ್ಲ. ರೌಟರು ಕಪಾಟಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲ ಮೇಲಿನ ಅಟ್ಟಕ್ಕೆ ತೀರ್ಥಯಾತ್ರೆ ಮಾಡಿತು. ಎಲ್ಲಿ ಹೋದರೂ ಬೆಳಗಿನ ಧೂಳು ಹೊಡೆದಾದ ಮೇಲೆ ತಾಯಿ ಹಿಂದೆಯೇ ಬಂದು ಅದಕ್ಕೆ ದಪ್ಪ ಉಣ್ಣೆಯ ಕುಲಾವಿ ತೊಡಿಸುತ್ತಿದ್ದರು. ಅವರ ಅಚ್ಚುಕಟ್ಟನ್ನು ನಾನು ಮೆಚ್ಚಿಕೊಂಡೇ ಇದ್ದೆ.

ಒಂದು ಮಧ್ಯಾಹ್ನ ಫೈಲು ಅರ್ಧ ಹೋಗಿ ನಿಂತಿತು. ಕಮಲೆ ಹೊರಗೆ ಬಂದಳು.

"ರೀ, ನಿಮ್ಮ ಸಂಶೋಧನೆ ಮುಗಿಯೋ ಹೊತ್ಗೆ ನನ್ನ ಕೆಲಸಾನೇ ಮುಗಿದಿರತ್ತೆ," ಎಂದವಳೇ ಸ್ಟೂಲು ಹತ್ತಿ ಕುಲಾವಿ ಕಿತ್ತು ಕೈಯಿಟ್ಟಳು. "ಅಯ್ಯಯ್ಯೋ! ದೋಸೆ ಹುಯ್ಯಬಹುದು!"

ಮಗಳು ಬಿದ್ದು ಬಿದ್ದು ನಕ್ಕಳು. "ಅಜ್ಜೀ, ಚೆನ್ನೈಲಿ ಯಾರಾದ್ರೂ ಸ್ವೆಟರ್ ಹಾಕ್ತಾರಾ? ಪಾವಂ!"

ತಾಯಿಯ ಮುಖ ಸಣ್ಣಗಾಯಿತು. "ಉಸಿರಾಡ್ಲಿ ಅಂತ ಕೊಂಬಿಗೆ ತೂತು ಬಿಟ್ಟಿದ್ನಲ್ಲೇ, ಕಮಲಾ."

"ಅದು ಕೊಂಬಲ್ಲಿ ಉಸಿರಾಡಲ್ಲ, ಅತ್ತೆ."

ಕಮಲೆ ರೌಟರನ್ನು ಕೆಳಗಿಳಿಸಿದಳು. ತಾಯಿ ಬೀಸಣಿಗೆ ತಂದು, ಬಾಣಂತಿಯ ಕೋಣೆಯಲ್ಲಿ ಕೂತವರ ಹಾಗೆ ಗಾಳಿ ಹಾಕತೊಡಗಿದರು. ಸ್ವಲ್ಪ ಹೊತ್ತಿಗೆ ಅದರ ಹಸಿರು ದೀಪಗಳು ಕಣ್ಣುಬಿಟ್ಟವು. ಫೈಲು ಮತ್ತೆ ತೆವಳಿತು. ನಾಲ್ವರೂ ಅದನ್ನೇ ನೋಡುತ್ತ ಕಾದೆವು.

"ಅದರೊಳಗೆ ಏನು ಹೋಗ್ತಿದೆ?" ತಾಯಿ ಬೀಸುತ್ತಲೇ ಕೇಳಿದರು.

"ಯಾರೋ ವಯಸ್ಸಾದೋರ ಎದೆನೋವು, ಅತ್ತೆ."

"ಪಾಪ. ವಾಸಿ ಆಯ್ತಂತಾ?"

ಕಂಪನಿ ಕಮಲೆಯನ್ನು ಅಲ್ಪವಿರಾಮದ ಬಗ್ಗೆ ಕೇಳಿತ್ತು, ವೇಗದ ಬಗ್ಗೆ ಕೇಳಿತ್ತು, ಇದನ್ನು ಕೇಳಿರಲಿಲ್ಲ. "ಗೊತ್ತಿಲ್ಲ," ಎಂದಳು. "ಆ ಸುದ್ದಿ ನಮ್ಮವರೆಗೆ ಬರಲ್ಲ."

ಫೈಲು ಹೊತ್ತಿಗೆ ಸರಿಯಾಗಿ ಮುಟ್ಟಿತು. ಕೆಲಸವೂ ಕಾಯಂ ಆಯಿತು. ರೌಟರಿನ ಬೆತ್ತಲೆಯನ್ನು ತಾಯಿ ಮುಖ ತಿರುಗಿಸಿಕೊಂಡು ಸಹಿಸುತ್ತಾರೆ. ಆದರೆ ಫೈಲು ಕಳಿಸುವ ಹೊತ್ತಿಗೆ ಈಗ ದಿನವೂ ಒಳಕೋಣೆಗೆ ಹೋಗಿ, "ಇವತ್ತು ಯಾರಿಗೆ ಏನು?" ಎಂದು ವಿಚಾರಿಸುತ್ತಾರೆ. ಕಮಲೆ ಹೆಸರು ಬಿಟ್ಟು ಕಾಯಿಲೆ ಹೇಳುತ್ತಾಳೆ. ತಾಯಿ ಮಂಡಿನೋವಿಗೆ ಎಣ್ಣೆಯನ್ನೂ, ಹೊಟ್ಟೆಯುಬ್ಬರಕ್ಕೆ ಜೀರಿಗೆ ಕಷಾಯವನ್ನೂ ವಿಧಿಸಿ ಎದ್ದು ಬರುತ್ತಾರೆ. ಅವರ ಈ ಸಲಹೆಗಳು ಅಮೆರಿಕಕ್ಕೆ ತಲುಪುವುದಿಲ್ಲ. ತಲುಪಿಸುವ ಉಪಾಯವೇನಾದರೂ ಇದೆಯೇ ಎಂದು ಮೊನ್ನೆ ಕಮಲೆಯೇ ಕೇಳಿದಳು.