ಬೀಗರೂಟ ಕೆಡಬಾರದೆಂದು

ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೇ ಸೂತಕ ಶುರುವಾಗುತ್ತದೆ ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಆ ಮಾತನ್ನು ನಾನು ಮಗಳ ಮದುವೆಯ ದಿನ ನನಗೆ ಬೇಕಾದ ಹಾಗೆ ಬಳಸಿಕೊಂಡೆ.

ಮದುವೆ ನಂಜನಗೂಡಿನ ಒಂದು ಛತ್ರದಲ್ಲಿ. ಬೆಳಿಗ್ಗೆ ಅಡುಗೆಯವರಿಗೆ ತರಕಾರಿ ಇಳಿಸಿಕೊಡುತ್ತಿದ್ದಾಗ ಮೂಗೂರಿನಿಂದ ಬಾಮೈದನ ಫೋನ್ ಬಂತು. ನನ್ನ ಹೆಂಡತಿಗೆ ಒಬ್ಬನೇ ತಮ್ಮ ಅವನು. ಹಾಸಿಗೆ ಹಿಡಿದಿದ್ದ ಅವರ ತಾಯಿಯನ್ನು ಅವನೇ ನೋಡಿಕೊಳ್ಳುತ್ತಿದ್ದ.

"ಬಾವ, ಅವ್ವ ಓಗ್ಬುಟ್ಳು. ಅಕ್ಕುಂಗೆ ಈಗ್ಲೇ ಯೋಳ್ಬ್ಯಾಡಿ, ದಾರೆ ಮುಗೀಲಿ. ಐಸ್ ಪೆಟ್ಗೆ ತರ್ಸಿ ನಾಳೆವರ್ಗೂ ಮಡಗಿರ್ತೀನಿ. ಅಕ್ಕ ಬಂದು ಮಕ ನೋಡ್ಕಳ್ಳಿ."

ಅಂಥ ಹೊತ್ತಿನಲ್ಲೂ ಅವನು ನಮ್ಮ ಮದುವೆಯನ್ನೇ ಯೋಚಿಸಿದ್ದ. ನಾನು ಮರುದಿನದ ಬೀಗರೂಟವನ್ನು ಯೋಚಿಸಿದೆ. ಟಿ. ನರಸೀಪುರದಿಂದ ಗಂಡಿನ ಕಡೆಯವರು ಎರಡು ಬಸ್ಸು ತುಂಬ ಬರುವವರಿದ್ದರು. ಕುರಿಗಳು ಆಗಲೇ ಬಂದಿದ್ದವು. ಸೂತಕದ ಮನೆಯಲ್ಲಿ ಬಾಡೂಟ ಯಾರು ಉಣ್ಣುತ್ತಾರೆ?

"ಬ್ಯಾಡ ಕಣ್ಲಾ. ನಾಳೆವರ್ಗೂ ಮಡಗುದ್ರೆ ಸುದ್ದಿ ಇಲ್ಲಿಗೂ ಬತ್ತದೆ. ಇವತ್ತೇ ಮಣ್ಣು ಮಾಡ್ಬುಡು."

"ಅಕ್ಕ ಕೇಳುದ್ರೆ ಏನ್ ಯೋಳ್ಲಿ ಬಾವ?"

"ನಾನ್ ಯೋಳ್ಕತೀನಿ ಬುಡು."

ಅವನು ಆಯ್ತು ಎಂದು ಫೋನ್ ಇಟ್ಟ.

ಮುಹೂರ್ತ ಹತ್ತಿರವಾದಾಗ ಹೆಂಡತಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಬಂದಳು. "ಎಲ್ರೀ ನಮ್ ತಮ್ಮ? ಸ್ವಾದರಮಾವ ಇಲ್ದೆ ಉಡ್ಗೀನ ಹಸೆಗೆ ಯಾರ್ ಕರ್ಕಬರೋದು?"

"ಅವ್ರ್ ಟೆಂಪೋ ಕೆಟ್ ನಿಂತದಂತೆ."

"ನಾಳೀಕಾದ್ರೂ ಬತ್ತಾನೆ ಬುಡಿ. ಬಾಡು ಅಂದ್ರೆ ನಡ್ಕಂಡಾದ್ರೂ ಬಂದಾನು ನನ್ ತಮ್ಮ," ಎಂದು ನಕ್ಕಳು.

ನನ್ನ ತಮ್ಮನೇ ಮಗಳನ್ನು ಹಸೆಗೆ ಕರೆತಂದ. ಹೆಂಡತಿಯೂ ನಾನೂ ಹಾಲಿನ ತಂಬಿಗೆ ಹಿಡಿದು ಧಾರೆ ಎರೆದೆವು. ಅವಳ ಕಿವಿಗೆ ಸುದ್ದಿ ಬಿದ್ದಿರಲಿಲ್ಲ, ಅವಳಿಗೆ ಸೂತಕವಿರಲಿಲ್ಲ. ನನ್ನ ಕಿವಿಗೆ ಬಿದ್ದಿತ್ತು. ಊಟದ ಹೊತ್ತಿಗೆ ಅವಳು ಮೆತ್ತನೆಯ ನಾಲ್ಕು ಒಬ್ಬಟ್ಟನ್ನು ಬಾಳೆಲೆಯಲ್ಲಿ ಸುತ್ತಿ ಎತ್ತಿಟ್ಟಳು, ಹಲ್ಲಿಲ್ಲದ ಅವ್ವನಿಗೆಂದು. ಅದೇ ಹೊತ್ತಿಗೆ ಮೂಗೂರಿನಲ್ಲಿ ಅವ್ವನನ್ನು ಮಣ್ಣು ಮಾಡುತ್ತಿದ್ದರು.

ಬೀಗರೂಟ ಚೆನ್ನಾಗಿಯೇ ಆಯಿತು. ತಮ್ಮ ಯಾಕೆ ಇನ್ನೂ ಬರಲಿಲ್ಲ ಎಂದು ಹೆಂಡತಿ ಕೇಳಿದ್ದಕ್ಕೆ ಟೆಂಪೋ ಇನ್ನೂ ರಿಪೇರಿಯಾಗಿಲ್ಲವಂತೆ ಎಂದೆ. ಎಲ್ಲರೂ ಹೊಗಳಿದರು. ಕೊನೆಯ ಬಸ್ಸು ಹೊರಟ ಮೇಲೆ ಹೆಂಡತಿಗೆ ಹೇಳಿದೆ. ಸುದ್ದಿ ನನಗೂ ಈಗಷ್ಟೇ ಬಂತು ಎಂದೆ.

ಮೂಗೂರಿನ ಹೊಲದಲ್ಲಿ ಅವ್ವನನ್ನು ಮಣ್ಣು ಮಾಡಿದ ಗುಡ್ಡೆಯ ಮೇಲಿನ ಹೂವು ಬಾಡಿತ್ತು. ಅವಳು ತಮ್ಮನ ಎದೆಗೆ ಗುದ್ದಿದಳು. "ಒಂದಿನ ಮಡಗಕಾಗ್ನಿಲ್ವೇನ್ಲಾ? ನನಗೊಂದ್ ಮಾತ್ ಯೋಳಕಾಗ್ನಿಲ್ವಾ? ಅವ್ವ ನಿನಗೊಬ್ಬನಿಗೇನಾ?"

ಅವನು ನನ್ನ ಕಡೆ ನೋಡಿದ. ನಾನು ಚಪ್ಪಲಿಗೆ ಮೆತ್ತಿದ ಮಣ್ಣನ್ನು ಬದುವಿನ ಕಲ್ಲಿಗೆ ಒರೆಸುತ್ತ ನಿಂತೆ. "ತಪ್ಪಾಯ್ತು ಕಣಕ್ಕ," ಎಂದ ಅವನು. ಅಕ್ಕನ ಸಂಸಾರದಲ್ಲಿ ಒಡಕು ಬರಬಾರದೆಂದು ಹಾಗೆ ಅಂದಿರಬೇಕು. ಕೇಳುವ ಮುಖ ನನಗಿರಲಿಲ್ಲ.

ಆಮೇಲೆ ಅವಳು ತವರಿಗೆ ಹೋಗಲಿಲ್ಲ. ಪ್ರತಿ ಗೌರಿ ಹಬ್ಬಕ್ಕೆ ತಮ್ಮ ಬಾಗಿನ ಹಿಡಿದು ಬರುತ್ತಿದ್ದ. ಅವಳು ಹಿತ್ತಲಿಗೆ ಹೋಗಿ ಕೂರುತ್ತಿದ್ದಳು. ಅವನು ಜಗುಲಿಯ ಮೇಲೆ ಕೂತು, ನಾನು ಕೊಟ್ಟ ಕಾಫಿ ಕುಡಿದು, ಮೊರದ ಬಾಗಿನವನ್ನು ಹಾಗೇ ವಾಪಸ್ಸು ಒಯ್ಯುತ್ತಿದ್ದ. ಬಸ್ ಸ್ಟ್ಯಾಂಡಿನವರೆಗೆ ನಾನು ಜೊತೆಗೆ ಹೋಗುತ್ತಿದ್ದೆ. ಮಳೆ, ಬೆಳೆ, ಹಾಲಿನ ಡೈರಿ, ಎಲ್ಲ ಮಾತಾಡುತ್ತಿದ್ದೆವು. ಅದೊಂದನ್ನು ಬಿಟ್ಟು.

ಈ ವರ್ಷ ಅವನು ಬರಲಿಲ್ಲ. ಲಕ್ವ ಹೊಡೆದು ಮಾತು ನಿಂತಿದೆ, ದಿನ ಎಣಿಸುತ್ತಿದ್ದಾರೆ ಎಂದು ಅವನ ಹೆಂಡತಿ ಫೋನ್ ಮಾಡಿದಳು. ನನ್ನ ಹೆಂಡತಿ ಅಲಸಂದೆಕಾಯಿ ಬಿಡಿಸುತ್ತ ಕೇಳಿಸಿಕೊಂಡಳು. "ಅವ್ವನ್ ಮಕ ತೋರುಸ್ದೇ ಇದ್ದೋನ್ ಮಕ ನಾನ್ಯಾಕ್ ನೋಡ್ಲಿ?" ಎಂದಳು.

ಇನ್ನು ಅವನು ಬಾಯಿ ಬಿಟ್ಟು ಹೇಳುವಂತಿಲ್ಲ, ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ನನ್ನ ತಲೆಯಲ್ಲಿ ಸುಳಿಯಿತು. ಸುಳಿದಿದ್ದಕ್ಕೇ ನನ್ನ ಬಗ್ಗೆ ಹೇಸಿಗೆಯಾಯಿತು. ಅವಳ ಎದುರು ಕೂತು ಫೋನಿನ ಮಾತು, ಐಸ್ ಪೆಟ್ಟಿಗೆ, ಬೀಗರೂಟ, ಎಲ್ಲ ಹೇಳಿದೆ.

ಅವಳು ಬೈಯಲಿಲ್ಲ. "ಮಡಗ್ತೀನಿ ಅಂತ ಅವ್ನೇ ಅಂದ್ನಾ?" ಎಂದು ಕೇಳಿದಳು.

"ಹ್ಞೂಂ. ಬ್ಯಾಡ ಅಂದೋನು ನಾನು."

ಕಾಳಿನ ಮೊರ ಬದಿಗಿಟ್ಟು ಎದ್ದಳು. ಎರಡು ಸೀರೆ ಚೀಲಕ್ಕೆ ತುಂಬಿಕೊಂಡಳು. ನಾನೂ ಅಂಗಿ ಹಾಕಿಕೊಂಡು ಹಿಂದೆಯೇ ಹೋದೆ. ಮೂಗೂರಿಗೆ ಹೋಗಲು ನರಸೀಪುರದ ಬಸ್ಸು ಹತ್ತುವಾಗ ತಿರುಗಿ ನೋಡಿದಳು.

"ನೀವು ಬರ್ಬ್ಯಾಡಿ. ನಮ್ ತಮ್ಮನ್ ತಾವ ನಾನೊಬ್ಳೇ ಕುಂತ್ಕಬೇಕು."

ಅವಳು ಹೋಗಿ ತಿಂಗಳಾಗುತ್ತ ಬಂತು. ಇವತ್ತು ಬೆಳಿಗ್ಗೆಯೂ ಫೋನ್ ಮಾಡಿದೆ. ತಮ್ಮ ಎರಡು ಚಮಚ ಗಂಜಿ ಕುಡಿದನಂತೆ, ಅವಳ ಕೈ ಹಿಡಿದರೆ ಬಿಡುವುದಿಲ್ಲವಂತೆ. ಹೇಳಬೇಕಾದ್ದನ್ನು ಹೇಳಿ ಇಡುತ್ತಾಳೆ. ನೀವು ಉಂಡ್ರಾ ಎಂದು ಕೇಳುವುದಿಲ್ಲ. ಯಾವಾಗ ಬರುತ್ತೀಯ ಎಂದು ನಾನೂ ಕೇಳುವುದಿಲ್ಲ.